ನಾನು ತಡವರಿಸುತ್ತ ಓದಿದ ಪುಸ್ತಕ

ಮಗಳಿಗೆ ಹೊಟ್ಟೆನೋವು ಬರುತ್ತಿದ್ದದ್ದು ಮಂಗಳವಾರ ಮತ್ತು ಗುರುವಾರ ಮಾತ್ರ. ಇಷ್ಟು ಸಣ್ಣ ಸಂಗತಿಯನ್ನು ಗುರುತಿಸಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಪುಣೆಯ ಹಡಪಸರದ ಒಂದು ಕಾರ್ಖಾನೆಯಲ್ಲಿ ನಾನು ಹದಿನಾರು ವರ್ಷಗಳಿಂದ ತಪಾಸಣೆಯ ಕೆಲಸದಲ್ಲಿದ್ದೇನೆ. ಯಂತ್ರದಿಂದ ಇಳಿದು ಬರುವ ಬಿಡಿಭಾಗಗಳನ್ನು ಅಳೆದು, ಎಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದಿದೆ, ಯಾವ ಪಾಳಿಯಲ್ಲಿ ಬರುತ್ತಿದೆ, ಯಾಕೆ ಬರುತ್ತಿದೆ ಎಂದು ಕಂಡುಹಿಡಿಯುವುದೇ ನನ್ನ ಉದ್ಯೋಗ. ಆದರೆ ನನ್ನ ಮನೆಯಲ್ಲೇ ಹತ್ತು ವರ್ಷದ ಹುಡುಗಿ ವಾರಕ್ಕೆ ಎರಡು ಸಲ, ಅದೇ ಎರಡು ದಿನ, ಬೆಳಗಿನ ಹಾಲಿನ ಲೋಟವನ್ನು ಹಾಗೇ ಬಿಟ್ಟು ಸೋಫಾದ ಮೂಲೆಯಲ್ಲಿ ಮುದುಡಿಕೊಳ್ಳುವುದು ನನಗೆ ಕಾಣಲಿಲ್ಲ. ಕಂಡದ್ದು ನನ್ನ ಹೆಂಡತಿಗೆ.

ಅವಳು ಆಸ್ಪತ್ರೆಯಲ್ಲಿ ನರ್ಸ್. ಧಾರವಾಡದವಳು. ಮಾತು ಕಡಿಮೆ, ಗಮನ ಹೆಚ್ಚು. ಒಂದು ಬುಧವಾರ ಬೆಳಿಗ್ಗೆ ಮಗಳು ಮೂರು ದೋಸೆ ತಿಂದು, ಹಾಡು ಗುನುಗುತ್ತ ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಬಾಗಿಲಲ್ಲೇ ನಿಂತು ನನಗೆ ಹೇಳಿದಳು: “ನಿನ್ನೆ ಹೊಟ್ಟಿ ನೂಸ್ತಿತ್ತು. ಇವತ್ತ ಇಲ್ಲ. ನಾಳೆ ಮತ್ತ ನೂಸ್ತದ, ನೋಡ್ರಿ ನೀವು.”

ಮರುದಿನ ಹಾಗೇ ಆಯಿತು.

ಮಕ್ಕಳ ಡಾಕ್ಟರು ಅದಕ್ಕೂ ಮೊದಲೇ ಎರಡು ಸಲ ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದಿದ್ದರು. ಹೆಂಡತಿ ಶಾಲೆಯ ವೇಳಾಪಟ್ಟಿ ತೆಗೆದು ನೋಡಿದಳು. ಮಂಗಳವಾರ ಮತ್ತು ಗುರುವಾರ ಇಂಗ್ಲಿಷ್ ತರಗತಿಯಲ್ಲಿ ಗಟ್ಟಿಯಾಗಿ ಓದುವ ಅವಧಿ ಇತ್ತು. ಒಬ್ಬೊಬ್ಬರೇ ಎದ್ದು ನಿಂತು ಒಂದೊಂದು ಪ್ಯಾರಾ ಓದಬೇಕು.

ಆ ಭಾನುವಾರ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಹೆಂಡತಿ ಮೆಲ್ಲಗೆ ವಿಷಯ ತೆಗೆದಳು. ನಾನು ಪಕ್ಕದಲ್ಲಿ ಪೇಪರಿನ ಹಿಂದೆ ಕೂತಿದ್ದೆ. ಮುಖ ಅತ್ತ ಕಡೆ ಇದ್ದದ್ದರಿಂದಲೋ ಏನೋ, ಮಗಳು ಹೇಳಿಬಿಟ್ಟಳು. ಜುಲೈನಲ್ಲಿ ಒಂದು ದಿನ ಪಾಠ ಓದುವಾಗ ಐಲೆಂಡ್ ಎನ್ನುವ ಪದವನ್ನು ಅವಳು ಅಕ್ಷರ ಇದ್ದ ಹಾಗೆಯೇ ‘ಇಸ್‌ಲ್ಯಾಂಡ್’ ಎಂದು ಓದಿದ್ದಳು. ಇಡೀ ವರ್ಗ ನಕ್ಕಿತ್ತು. ಟೀಚರೂ ಒಂದು ಕ್ಷಣ ನಕ್ಕಿದ್ದರು. ಅಂದಿನಿಂದ ಅವಳ ಹೆಸರೇ ಇಸ್‌ಲ್ಯಾಂಡ್ ಆಗಿತ್ತು. ಊಟದ ಡಬ್ಬಿ ಬಿಚ್ಚುವಾಗ, ಆಟದ ಮೈದಾನದಲ್ಲಿ, ವ್ಯಾನಿನಲ್ಲಿ ಎಲ್ಲ ಕಡೆ ಅದೇ.

“ನಾ ಇನ್ನ ಮ್ಯಾಲ ಓದಂಗಿಲ್ಲ,” ಎಂದಳು ಮಗಳು. “ಮನಸ್ಸಿನ್ಯಾಗೂ ಓದಂಗಿಲ್ಲ. ಪುಸ್ತಕಾ ನೋಡಿದ್ರ ಎದಿ ಧಡಧಡ ಅಂತದ.”

ಅವಳು ಹೇಳಿದ್ದು ನಿಜವಾಗಿತ್ತು. ಪಾಠದ ಪುಸ್ತಕ ಬಿಚ್ಚಿದರೆ ಉಗುರು ಕಚ್ಚುತ್ತಿದ್ದಳು. ಹುಟ್ಟುಹಬ್ಬಕ್ಕೆ ಬಂದಿದ್ದ ಕಥೆಪುಸ್ತಕಗಳನ್ನು ಮಂಚದ ಕೆಳಗೆ, ಹಳೆಯ ಸೂಟ್‌ಕೇಸಿನ ಹಿಂದೆ ತಳ್ಳಿದ್ದಳು. ನಾನು ಇದನ್ನೆಲ್ಲ ಸೋಮಾರಿತನ ಅಂದುಕೊಂಡು, “ದಿನಾ ಹತ್ತು ಪಾನ ಓದು, ತಾನ ಬರ್ತದ” ಎಂದು ಪುಟದ ಲೆಕ್ಕ ಹಾಕಿ ಗದರಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶಾಲೆಗೆ ವಾರದಲ್ಲಿ ಎರಡು ದಿನ ಒಬ್ಬ ಸಮಾಲೋಚಕಿ ಬರುತ್ತಿದ್ದರು. ಐವತ್ತರ ಆಸುಪಾಸಿನ ಮರಾಠಿ ಹೆಂಗಸು. ಅವರ ಕೋಣೆ ಆಟದ ಸಾಮಾನಿನ ಉಗ್ರಾಣದ ಪಕ್ಕ ಇತ್ತು. ಹೆಂಡತಿ ಮತ್ತು ನಾನು ಸಣ್ಣ ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತೆವು. ಅವರು ನಾವು ಹೇಳಿದ್ದನ್ನೆಲ್ಲ ಕೇಳಿಕೊಂಡರು. ಮಗಳ ಜೊತೆ ತಾವು ಪ್ರತಿ ವಾರ ಮಾತಾಡುವುದಾಗಿ, ಟೀಚರ ಜೊತೆಗೂ ಮಾತಾಡುವುದಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, ನೀವು ಏನು ಓದುತ್ತೀರಿ ಅಂತ.

“ಡ್ರಾಯಿಂಗು, ತಪಾಸಣೆಯ ರಿಪೋರ್ಟು,” ಎಂದೆ.

“ಅದು ಕೆಲಸ. ನಿಮ್ಮ ಖುಷಿಗೆ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು, ನಗು ತಡೆದುಕೊಂಡು. ಬೆಳಗಾವಿಯ ಹತ್ತಿರದ ನಮ್ಮ ಊರಿನಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ ಓದಿದವನು ನಾನು. ಆಮೇಲೆ ಐಟಿಐ, ಆಮೇಲೆ ಪುಣೆ. ಪರೀಕ್ಷೆಗಲ್ಲದೆ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ ನೆನಪು ನನಗಿರಲಿಲ್ಲ.

ಅವರು ನನ್ನನ್ನು ತಪ್ಪಿತಸ್ಥನಂತೆ ನೋಡಲಿಲ್ಲ. ನಿಧಾನವಾಗಿ ವಿವರಿಸಿದರು. ಈ ಹುಡುಗಿಗೆ ಓದು ಅಂದರೆ ಎದ್ದು ನಿಲ್ಲುವುದು, ಎಲ್ಲರೂ ನೋಡುವುದು, ತಪ್ಪಾಗುವುದು. ಅದಷ್ಟೇ ಅವಳಿಗೆ ಗೊತ್ತು. ಯಾರೂ ಅಂಕ ಕೊಡದ, ಯಾರೂ ಪ್ರಶ್ನೆ ಕೇಳದ ಓದು ಒಂದಿದೆ ಅನ್ನುವುದು ಅವಳಿಗೆ ಕಾಣಬೇಕು. ಅಂಥ ಓದಿನಲ್ಲಿ ಮಕ್ಕಳ ಮನಸ್ಸು ಸ್ವಲ್ಪ ಹೊತ್ತು ತನ್ನ ಚಿಂತೆಯಿಂದ ಇಳಿದು ಕೂರುತ್ತದೆ. “ಅದು ಔಷಧಿ ಅಲ್ಲ, ಹೊಟ್ಟೆನೋವು ನಾಳೆಯೇ ಹೋಗುವುದಿಲ್ಲ,” ಎಂದರು. “ಅವಳಿಗೆ ಓದು ಅಂತ ಹೇಳಬೇಡಿ. ನೀವು ಓದಿ. ಅವಳ ಕಣ್ಣಿಗೆ ಬೀಳುವ ಹಾಗೆ, ನಿಮಗೆ ಖುಷಿ ಕೊಡುವ ಏನನ್ನಾದರೂ.”

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು: “ಏನ್ ಓದ್ತೀರಿ ಈಗ?”

“ನೋಡೂಣು,” ಎಂದೆ.

ಪುಣೆ ಊರಿನೊಳಗೆ ನಮ್ಮ ಕನ್ನಡದವರು ಹಬ್ಬಹರಿದಿನಕ್ಕೆ ಸೇರುವ ಒಂದು ಸಭಾಗೃಹವಿದೆ. ಅದರ ಹಿಂದಿನ ಕೋಣೆಯಲ್ಲಿ ಎರಡು ಸ್ಟೀಲ್ ಕಪಾಟು ತುಂಬ ಪುಸ್ತಕಗಳಿವೆ ಎಂದು ನನಗೆ ಗೊತ್ತಿತ್ತು. ಗಣೇಶ ಹಬ್ಬದಲ್ಲಿ ಊಟದ ಎಲೆಗಳನ್ನು ಆ ಕಪಾಟುಗಳ ಪಕ್ಕದಲ್ಲಿ ಇಡುತ್ತಿದ್ದೆವು. ಅವುಗಳ ಕೀಲಿ, ಎಲ್ಲರೂ ‘ಬಾಯಿಯವರು’ ಎಂದು ಕರೆಯುವ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಇತ್ತು. ಖಡಕಿಯ ಒಂದು ಕಚೇರಿಯಲ್ಲಿ ದುಡಿದು ನಿವೃತ್ತಿಯಾದವರು. ಭಾನುವಾರ ಹತ್ತರಿಂದ ಹನ್ನೆರಡರವರೆಗೆ, ಯಾರೂ ಬರಲಿ ಬಿಡಲಿ, ಕಪಾಟು ತೆಗೆದು ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದರು.

ನಾನು ಹೋಗಿ, ಮಗಳ ಸಲುವಾಗಿ ಒಂದು ಪುಸ್ತಕ ಬೇಕಿತ್ತು ಎಂದೆ. ಎಲ್ಲವನ್ನೂ ಕೇಳಿದ ಮೇಲೆ ಅವರು ಎದ್ದು ಮೇಲಿನ ಅರೆಯಿಂದ ರಟ್ಟು ಹರಿದ ಒಂದು ಕಾದಂಬರಿ ಇಳಿಸಿದರು.

“ಇದು ಹುಡುಗಿಗೆ ಅಲ್ರಿ, ನಿಮಗ,” ಎಂದರು. “ಭಾಳ ನಗಿಸ್ತದ. ಓದಿ ಮುಗಿಸ್ಲಿಕ್ಕೇ ಬೇಕಂತ ಏನಿಲ್ಲ. ಬ್ಯಾಸರಾತಂದ್ರ ವಾಪಸ್ ತರ್ರಿ, ಬ್ಯಾರೆದು ಕೊಡ್ತೀನಿ.”

ಓದಲು ಶುರು ಮಾಡಿ ಅರ್ಧಕ್ಕೆ ಬಿಡಬಹುದು ಅನ್ನುವುದನ್ನು ಮೊದಲ ಸಲ ಒಬ್ಬರ ಬಾಯಿಂದ ಕೇಳಿದೆ.

ಕಾತ್ರಜದಲ್ಲಿ ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿ. ಗ್ಯಾಲರಿಯಲ್ಲಿ ನಿಂತರೆ ಹೆದ್ದಾರಿ ಕಾಣುತ್ತದೆ. ಮೊದಲ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಐದು ಗಂಟೆಗೆ ಮನೆಗೆ ಬಂದವನು ಚಹಾ ಕುಡಿದು, ಮೊಬೈಲನ್ನು ಒಳಗೆ ಇಟ್ಟು, ಗ್ಯಾಲರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪುಸ್ತಕ ಬಿಚ್ಚಿದೆ. ಮೊದಲ ದಿನ ನಾಲ್ಕು ಪುಟಕ್ಕೆ ಕಣ್ಣು ಮುಚ್ಚಿಬಂದವು. ಎರಡನೆಯ ದಿನ ಆರು ಪುಟ. ಕನ್ನಡದ ಒತ್ತಕ್ಷರಗಳು ನನಗೆ ಇಷ್ಟು ಅಪರಿಚಿತವಾಗಿವೆ ಎಂದು ಗೊತ್ತಿರಲಿಲ್ಲ. ತುಟಿ ಅಲ್ಲಾಡಿಸದೆ ಓದಲು ಆಗುತ್ತಿರಲಿಲ್ಲ. ಮಗಳು ಒಳಗಿನಿಂದ ನನ್ನನ್ನು ನೋಡುತ್ತಿದ್ದಳು, ಟಿವಿಯ ಮೇಲಿನ ಕಣ್ಣು ಆಗಾಗ ಈ ಕಡೆ ತಿರುಗಿಸಿ.

ಕಥೆ ಒಬ್ಬ ಅಂಚೆಯವನದು. ಎಮ್ಮೆಯೊಂದು ಅವನ ಕನ್ನಡಕ ತುಳಿದು ಪುಡಿ ಮಾಡಿಬಿಡುತ್ತದೆ. ಹೊಸ ಕನ್ನಡಕ ಪಟ್ಟಣದಿಂದ ಬರುವವರೆಗೆ ಅವನು ಯಾರಿಗೂ ಹೇಳದೆ ಅಂದಾಜಿನ ಮೇಲೆ ಕಾಗದ ಹಂಚುತ್ತಾನೆ. ಕುಸ್ತಿ ಪೈಲ್ವಾನನಿಗೆ ಹೋಗಬೇಕಾದ ಸವಾಲಿನ ಪತ್ರ ಶಾಲೆಯ ಮಾಸ್ತರನಿಗೆ ಹೋಗುತ್ತದೆ. ಮಾಸ್ತರನಿಗೆ ಬಂದ ಮದುವೆಯ ಸಂಬಂಧ ಪೈಲ್ವಾನನ ಕೈ ಸೇರುತ್ತದೆ. ಇಬ್ಬರೂ ಮರ್ಯಾದೆಯಿಂದ ಉತ್ತರ ಬರೆಯುತ್ತಾರೆ. ನಾಲ್ಕನೆಯ ಸಂಜೆ, ಮಾಸ್ತರನು ಗಡಗಡ ನಡುಗುತ್ತ ಲಂಗೋಟಿ ಹೊಲಿಸಲು ದರ್ಜಿಯ ಹತ್ತಿರ ಹೋಗುವಲ್ಲಿ ನನಗೆ ನಗು ತಡೆಯಲು ಆಗಲಿಲ್ಲ. ಒಬ್ಬನೇ ಕೂತು ನಕ್ಕೆ. ಕಣ್ಣಲ್ಲಿ ನೀರು ಬಂತು.

ಮಗಳು ಬಾಗಿಲಿಗೆ ಬಂದು ನಿಂತಳು. “ಅಪ್ಪಾ, ಯಾಕ ನಗಾಕತ್ತಿ?”

ಹೇಳಲು ಹೋದೆ. ಹೇಳಿದರೆ ಅಷ್ಟು ನಗು ಬರಲಿಲ್ಲ. “ಓದಿ ತೋರ್ಸು,” ಎಂದಳು.

ಒಬ್ಬನೇ ಓದುವುದು ಬೇರೆ, ಕೇಳುವವರ ಎದುರು ಓದುವುದು ಬೇರೆ. ಆದರೂ ಶುರು ಮಾಡಿದೆ. ಮೂರನೆಯ ಸಾಲಿನಲ್ಲಿ ‘ದಿಗ್ಭ್ರಮೆಗೊಂಡು’ ಎಂಬ ಪದ ಬಂತು. ದಿಗ್ ಎಂದು ನಿಂತೆ. ದಿಗ್ಬ ಎಂದೆ. ಮತ್ತೆ ಹಿಂದಿನಿಂದ ಬಂದು ಹಾರಲು ನೋಡಿದೆ, ಮತ್ತೆ ಎಡವಿದೆ. ಮಗಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

“ನಿನಗೂ ಓದಾಕ ಬರಂಗಿಲ್ಲೇನು?”

“ಬರ್ತದ, ಭಾಳ ನಿಧಾನ ಬರ್ತದ.”

“ತಪ್ಪ ಆಗ್ತದಲ್ಲ?”

“ಆಗ್ತದ.”

“ಮತ್ತ ಯಾಕ ಓದಾಕತ್ತಿ?”

“ಆ ಮಾಸ್ತರಗ ಮುಂದ ಏನಾತು ಅಂತ ನನಗ ಗೊತ್ತಾಗಬೇಕಲ್ಲವಾ,” ಎಂದೆ.

ಅವಳು ಒಳಗೆ ಹೋಗಿ ತನ್ನ ಬೆತ್ತದ ಸ್ಟೂಲು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಹಾಕಿಕೊಂಡಳು. “ಹೂಂ, ಓದು,” ಎಂದಳು.

ಆ ಸಂಜೆಯಿಂದ ಅದು ರೂಢಿಯಾಯಿತು. ನಾನು ತಡವರಿಸುತ್ತ ಓದುವುದು, ಅವಳು ಕೇಳುವುದು. ಎಡವಿದಾಗ ಅವಳು ಒಂದು ಮಾತೂ ಆಡದೆ ಕಾಯುತ್ತಿದ್ದಳು. ವರ್ಗದಲ್ಲಿ ತನಗೆ ಯಾರೂ ಕೊಡದಿದ್ದ ಆ ಎರಡು ಕ್ಷಣವನ್ನು ಅವಳು ನನಗೆ ಕೊಡುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ. ನಡುನಡುವೆ ಅವಳು ಮಾತು ತೆಗೆಯುತ್ತಿದ್ದಳು. ಮಾಸ್ತರನಿಗೆ ಹೆದರಿಕೆಯಾದಾಗ ಅವನ ಹೊಟ್ಟೆಯಲ್ಲೂ ಏನೋ ಆಗುತ್ತದೆ ಎಂದು ಕಥೆಯಲ್ಲಿ ಒಂದು ಕಡೆ ಬರುತ್ತದೆ. ಅಲ್ಲಿ ಅವಳು ನನ್ನ ತೋಳು ಹಿಡಿದು, “ಅವಗೂ ನನ್ನಂಗ ಆಗ್ತದ,” ಎಂದಳು. ಡಾಕ್ಟರ ಮುಂದೆ, ನಮ್ಮ ಮುಂದೆ ಅಷ್ಟು ದಿನ ಹೇಳಲು ಆಗದಿದ್ದದ್ದನ್ನು ಒಬ್ಬ ಕಾಗದದ ಮಾಸ್ತರನ ಹೆಗಲ ಮೇಲೆ ಇಟ್ಟು ಹೇಳಿದಳು. ಅದರ ಹಿಂದೆಯೇ ವ್ಯಾನಿನ ವಿಷಯ, ಡಬ್ಬಿಯ ವಿಷಯ, ಒಂದೊಂದೇ ಬಂದವು. ನಾನು ಬೆರಳನ್ನು ಪುಟದ ಮೇಲಿಟ್ಟುಕೊಂಡು ಕೇಳಿದೆ.

ಸೆಪ್ಟೆಂಬರಿನಲ್ಲಿ ನನಗೆ ಎರಡು ವಾರ ಎರಡನೆಯ ಪಾಳಿ ಬಂತು. ಸಂಜೆ ಓದುವವರಿಲ್ಲ. ಒಂದು ದಿನ ಬೆಳಿಗ್ಗೆ ಪುಸ್ತಕ ತೆಗೆದರೆ, ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಎರಡು ಪುಟ ಮುಂದೆ ಹೋಗಿತ್ತು. ಹೆಂಡತಿಯನ್ನು ಕೇಳಿದೆ.

“ನಾ ಮುಟ್ಟಿಲ್ಲ,” ಎಂದಳು. “ಮೂರು ದಿನದಿಂದ ಆಕಿನ ಕೂತು ಏನೋ ಮಾಡ್ಲಿಕ್ಕತ್ತಾಳ. ಬಂದು ಬಂದು ನನ್ನ ಕೇಳ್ತಾಳ, ಇದು ‘ಕ’ ಏನು, ಇದು ‘ತ’ ಏನು ಅಂತ. ಮರಾಠಿ ಅಕ್ಷರಾ ಬಾಜೂಕ ಬರಕೊಂಡಾಳ.”

ಕನ್ನಡ ಅವಳು ಮನೆಯಲ್ಲಿ ಮಾತಾಡುತ್ತಿದ್ದಳೇ ಹೊರತು ಅಕ್ಷರ ಕಲಿತಿರಲಿಲ್ಲ. ನಾವೂ ಕಲಿಸಿರಲಿಲ್ಲ. ಈಗ ಒಂದು ಹಳೆಯ ನೋಟುಬುಕ್ಕಿನಲ್ಲಿ ಕನ್ನಡ ಅಕ್ಷರದ ಎದುರಿಗೆ ದೇವನಾಗರಿ ಅಕ್ಷರ ಬರೆದುಕೊಂಡು, ಮೂರು ಸಂಜೆ ಕೂತು, ಎರಡು ಪುಟ ಬಿಡಿಸಿದ್ದಳು. ಪೈಲ್ವಾನನು ಹೆಣ್ಣು ನೋಡಲು ಹೋಗುವ ಪುಟಗಳು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಹದಿನಾರು ವರ್ಷ ತಪಾಸಣೆ ಮಾಡಿದವನ ಕೈ ಸುಮ್ಮನಿರುತ್ತದೆಯೇ? ಆ ಖುಷಿಯಲ್ಲಿ ನಾನು ಒಂದು ದೊಡ್ಡ ಕಾಗದ ತಂದು, ಸ್ಕೇಲ್ ಹಿಡಿದು ಗೆರೆ ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಒಂದು ಕಡೆ ದಿನದ ಗುರಿ, ಇನ್ನೊಂದು ಕಡೆ ಓದಿದ ಪುಟ. ಗುರಿ ಮುಟ್ಟಿದರೆ ನೀಲಿ ನಕ್ಷತ್ರ, ತಪ್ಪಿದರೆ ಕೆಂಪು ಚುಕ್ಕೆ. ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಇರುವಂಥದ್ದೇ. ಮಗಳು ಮೊದಲ ವಾರ ಉತ್ಸಾಹದಿಂದ ನಕ್ಷತ್ರ ಹಚ್ಚಿದಳು. ಎರಡನೆಯ ವಾರ, ಓದುವಾಗ ಪುಟದ ಕೆಳಗಿನ ಸಂಖ್ಯೆ ನೋಡತೊಡಗಿದಳು. ನಗುವ ಜಾಗದಲ್ಲಿ ನಗುತ್ತಿರಲಿಲ್ಲ. ಮೂರನೆಯ ವಾರ ಸಾಲಾಗಿ ನಾಲ್ಕು ಕೆಂಪು ಚುಕ್ಕೆ ಬಿದ್ದವು. ಗುರುವಾರ ಬೆಳಿಗ್ಗೆ ಅವಳು ಮತ್ತೆ ಸೋಫಾದ ಮೂಲೆಯಲ್ಲಿ ಮುದುಡಿಕೊಂಡಳು. ಸಮಾಲೋಚಕಿ ಟೀಚರ ಜೊತೆ ಮಾತಾಡಿದ್ದರಿಂದ ವರ್ಗದಲ್ಲಿ ಅವಳನ್ನು ಎಬ್ಬಿಸಿ ಓದಿಸುವುದು ನಿಂತು ಆಗಲೇ ತಿಂಗಳಾಗಿತ್ತು. ನೋವು ಈ ಸಲ ಶಾಲೆಯಿಂದ ಬಂದಿರಲಿಲ್ಲ.

ಹೆಂಡತಿ ಫ್ರಿಜ್ಜಿನ ಕಾಗದವನ್ನು ಕಿತ್ತಳು. ಸಿಟ್ಟಿನಿಂದಲ್ಲ, ಒಂದೊಂದೇ ಮೂಲೆಯ ಟೇಪು ಬಿಡಿಸಿ, ಮಡಚಿ ನನ್ನ ಕೈಯಲ್ಲಿ ಕೊಟ್ಟಳು. “ಮಶಿನ್ ಅಲ್ರಿ ಅದು,” ಎಂದಳು.

ಅವತ್ತು ಮಗಳು ಶಾಲೆಯಿಂದ ಬಂದ ಮೇಲೆ ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. “ಆ ಚಾರ್ಟ್ ಹಚ್ಚಿದ್ದು ನನ್ನ ತಪ್ಪು,” ಎಂದೆ. “ಇನ್ನ ಮ್ಯಾಲ ಎಷ್ಟ ಓದಿದಿ ಅಂತ ಕೇಳಂಗಿಲ್ಲ. ಓದಿದೇನು ಅಂತನೂ ಕೇಳಂಗಿಲ್ಲ.”

“ಖರೇನ?”

“ಖರೇನ.”

“ಒಂದ ಪಾನನೂ ಓದಲಿಲ್ಲ ಅಂದ್ರ?”

“ನಡೀತದ.”

ಹೇಳುವುದು ಸುಲಭ. ಅವಳು ಹನ್ನೆರಡು ದಿನ ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ನಾನು ಗ್ಯಾಲರಿಯಲ್ಲಿ ನನ್ನಷ್ಟಕ್ಕೆ ಓದುತ್ತ ಕೂರುತ್ತಿದ್ದೆ. ಬಾಗಿಲ ಕಡೆ ನೋಡಬಾರದು ಎಂದು ಶಪಥ ಮಾಡಿ ನೋಡುತ್ತಿದ್ದೆ. ಹದಿಮೂರನೆಯ ದಿನ ಬುಧವಾರ. ತರಕಾರಿಗೆ ಹೋದಾಗ ರಸ್ತೆಯ ಬದಿಯಲ್ಲಿ ಹಳೆಯ ಪುಸ್ತಕ ಹರವಿಕೊಂಡಿದ್ದ ಒಬ್ಬರ ಮುಂದೆ ಅವಳು ನಿಂತಳು. ಬಹಳ ಹೊತ್ತು ಹುಡುಕಿ ಒಂದು ತೆಳ್ಳನೆಯ ಮರಾಠಿ ಪುಸ್ತಕ ಎತ್ತಿಕೊಂಡಳು. ಹಾವುಗಳ ಬಗ್ಗೆ. ರಟ್ಟಿನ ಮೇಲೆ ಹೆಡೆ ಬಿಚ್ಚಿದ ನಾಗರ. ಒಳಗೆ ಹಲ್ಲು, ವಿಷದ ಚೀಲ, ಮೊಟ್ಟೆ ಒಡೆದು ಬರುವ ಮರಿಗಳ ಚಿತ್ರ. ಪಕ್ಕದಲ್ಲೇ ಚಂದದ ಕಥೆಪುಸ್ತಕಗಳಿದ್ದವು. ಅದು ಯಾಕೆ, ಇದು ತಗೋ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಕೊತ್ತಂಬರಿಯ ಚೀಲದಿಂದ ನನ್ನ ಮೊಣಕೈಗೆ ಮೆಲ್ಲಗೆ ತಿವಿದಳು. ನುಂಗಿಕೊಂಡೆ.

ಆ ಪುಸ್ತಕವನ್ನು ಅವಳು ಎಷ್ಟು ಸಲ ಓದಿದಳೋ ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ಲೆಕ್ಕ ಇಡಲಿಲ್ಲ. ಊಟದ ಹೊತ್ತಿಗೆ ಹಾವು ಪೊರೆ ಬಿಡುವುದು ಹೇಗೆ ಎಂದು ವಿವರಿಸುತ್ತಿದ್ದಳು. ಹಾವಿಗೆ ಕಿವಿ ಇಲ್ಲ, ಯಾರು ಏನು ಅಂದರೂ ಅದಕ್ಕೆ ತಾಗುವುದಿಲ್ಲ ಎಂದು ಒಂದು ದಿನ ಸ್ವಲ್ಪ ಅಸೂಯೆಯಿಂದಲೇ ಹೇಳಿದಳು. ಮಂಚದ ಕೆಳಗಿನ ಸೂಟ್‌ಕೇಸಿನ ಹಿಂದಿನಿಂದ ಹುಟ್ಟುಹಬ್ಬದ ಪುಸ್ತಕಗಳು ಒಂದೊಂದಾಗಿ ಧೂಳು ಒರೆಸಿಕೊಂಡು ಹೊರಗೆ ಬಂದವು. ಕೆಲವನ್ನು ಎರಡು ಪುಟ ಓದಿ ಪಕ್ಕಕ್ಕಿಟ್ಟಳು. ಅಂಚೆಯವನ ಕಥೆಗೂ ಮರಳಿದಳು. ಕಪಾಟಿನ ಬಾಯಿಯವರು ಮೂರು ಸಲ ಅವಧಿ ಮುಂದಕ್ಕೆ ಹಾಕಿಕೊಟ್ಟು, “ಇರ್ಲಿ ಬಿಡ್ರಿ, ಇನ್ಯಾರು ಕೇಳ್ತಾರ ಅದನ್ನ,” ಎಂದರು.

ದೀಪಾವಳಿ ರಜೆಗೆ ನಾವು ಹೆಂಡತಿಯ ತವರಿಗೆ ಹೊರಟೆವು. ಬೆಳಿಗ್ಗೆ ಏಳಕ್ಕೆ ಕಾತ್ರಜದಲ್ಲಿ ಧಾರವಾಡದ ಬಸ್ ಹತ್ತಿದೆವು. ಸಾತಾರಾ ದಾಟಿ ಒಂದು ಗಂಟೆಯ ಮೇಲೆ ಬಸ್ಸು ಗುರ್ ಎಂದು ನಿಂತಿತು. ಏನೋ ಬೆಲ್ಟ್ ಹರಿದಿದೆ, ಬೇರೆ ತರಿಸಬೇಕು, ಎರಡು ತಾಸು ಆಗುತ್ತದೆ ಎಂದರು ಡ್ರೈವರು. ಸುತ್ತ ಕಬ್ಬಿನ ಗದ್ದೆ, ಒಂದು ಬೇವಿನ ಮರ. ಕೆಲವರು ಇಳಿದು ಮರದ ನೆರಳಿಗೆ ಹೋದರು. ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ತಾಯಿ ಮತ್ತು ನಾಲ್ಕೈದು ವರ್ಷದ ಹುಡುಗಿ. ತಾಯಿ ಬಸ್ಸಿನ ಹೊಯ್ದಾಟಕ್ಕೆ ವಾಂತಿ ಮಾಡಿಕೊಂಡು ಸೋತು ಕೂತಿದ್ದಳು. ಹುಡುಗಿ ಹೆದರಿ ಅಳುತ್ತಿದ್ದಳು. ಬಿಸ್ಕತ್ತು ಕೊಟ್ಟರೆ ಬಿಸಾಡಿದಳು. ಯಾರೋ ಮೊಬೈಲ್ ಕೊಟ್ಟರು, ಅಲ್ಲಿ ನೆಟ್‌ವರ್ಕ್ ಇರಲಿಲ್ಲ.

ನನ್ನ ಮಗಳು ಚೀಲದಿಂದ ರಟ್ಟು ಹರಿದ ಪುಸ್ತಕ ತೆಗೆದಳು. ಅಜ್ಜಿಗೆ ತೋರಿಸಲು ತಂದಿದ್ದಳು. ಆ ಹುಡುಗಿಯ ಹತ್ತಿರ ಸರಿದು, “ಒಂದ ಎಮ್ಮಿ ಇತ್ತು,” ಎಂದಳು. “ಅದು ಏನ್ ಮಾಡ್ತು ಗೊತ್ತೇನು?” ಆಮೇಲೆ ಓದತೊಡಗಿದಳು. ಮೊದಲು ಪಿಸುಮಾತಿನಲ್ಲಿ. ಹುಡುಗಿಗೆ ಕೇಳಿಸಲಿಲ್ಲವೆಂದು ಸ್ವಲ್ಪ ಗಟ್ಟಿಯಾಗಿ. ಆ ಸದ್ದಿಲ್ಲದ ಬಸ್ಸಿನಲ್ಲಿ ಅವಳ ದನಿ ಹಿಂದಿನ ಸೀಟಿನವರೆಗೂ ಹೋಗುತ್ತಿತ್ತು. ಅಲ್ಲಲ್ಲಿ ನಿಲ್ಲುತ್ತಿದ್ದಳು, ಬೆರಳಿಟ್ಟು ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ಹುಡುಗಿಯ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು.

ಅಂಚೆಯವನು ಕಾಗದವನ್ನು ಮೂಗಿಗೆ ಹಿಡಿದು, ವಾಸನೆಯ ಮೇಲೆ ಇದು ಯಾರ ಮನೆಯದು ಎಂದು ನಿರ್ಧರಿಸುವ ಜಾಗ ಬಂತು. ಹಿಂದಿನ ಸೀಟಿನಿಂದ ಯಾರೋ ಜೋರಾಗಿ ನಕ್ಕರು.

ಮಗಳು ನಿಂತುಬಿಟ್ಟಳು. ಕಿವಿಯ ತುದಿ ಕೆಂಪಾಯಿತು. ಪುಸ್ತಕ ಮುಚ್ಚುತ್ತಾಳೆ ಎಂದುಕೊಂಡೆ. ನನ್ನ ಕೈ ಅವಳ ಕಡೆ ಹೋಯಿತು. ಅಷ್ಟರಲ್ಲಿ ಅವಳು ತಿರುಗಿ, ಸೀಟಿನ ಮೇಲಿನಿಂದ ಹಿಂದೆ ನೋಡಿ, ನೇರವಾಗಿ ಕೇಳಿದಳು: “ಯಾಕ ನಕ್ರಿ?”

ಇಳಕಲ್ ಸೀರೆ ಉಟ್ಟ ಒಬ್ಬ ಮುದುಕಿ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. “ನಿನಗ ನಕ್ಕಿಲ್ಲವಾ,” ಎಂದಳು. “ಆ ಪೋಸ್ಟಿನಾಂವಗ ನಕ್ಕೆ. ನಮ್ಮೂರಾಗೂ ಒಬ್ಬಾಂವ ಹಂಗ ಇದ್ದ, ಓದಾಕ ಬರ್ತಿದ್ದಿಲ್ಲ, ಎಲ್ಲಾರ ಕಾಗದಾ ನಮ್ಮ ಮನೀಗೇ ಕೊಟ್ಟ ಹೋಗ್ತಿದ್ದ. ಓದ ಮುಂದ, ಛಲೋ ಅದ.”

“ಮುಂದ,” ಎಂದಳು ಪಕ್ಕದ ಪುಟ್ಟ ಹುಡುಗಿ, ಪುಸ್ತಕವನ್ನು ಬೆರಳಿನಿಂದ ಬಡಿದು.

ಮಗಳು ಒಂದು ಕ್ಷಣ ಮುದುಕಿಯನ್ನು ನೋಡಿದಳು. ಆಮೇಲೆ ಓದಿದಳು. ‘ದಿಗ್ಭ್ರಮೆಗೊಂಡು’ ಬಂದಾಗ ಎಡವಿದಳು, ನನ್ನ ಕಡೆ ನೋಡಿದಳು. ನನಗೂ ಅದು ಇನ್ನೂ ಬರುವುದಿಲ್ಲ ಎಂದು ಅವಳಿಗೆ ಗೊತ್ತು. “ಗಾಬರ್ಯಾಗಿ,” ಎಂದು ತನ್ನದೇ ಪದ ಹಾಕಿ ಮುಂದೆ ಹೋದಳು. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಬೆಲ್ಟ್ ಬರುವ ಹೊತ್ತಿಗೆ ಮುಂದಿನ ಸೀಟಿನವರೂ ಹಿಂದಕ್ಕೆ ತಿರುಗಿ ಕೂತಿದ್ದರು, ಮಾಸ್ತರನು ಲಂಗೋಟಿ ಹೊಲಿಸಿಕೊಂಡಾಗಿತ್ತು.

ಇದರಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ ಮತ್ತೆ ಹೊಟ್ಟೆ ಹಿಡಿದುಕೊಂಡಳು. ಪರೀಕ್ಷೆ ಬಂದರೆ ಈಗಲೂ ಉಗುರು ಬಾಯಿಗೆ ಹೋಗುತ್ತದೆ. ಸಮಾಲೋಚಕಿಯ ಕೋಣೆಗೆ ತಿಂಗಳಿಗೊಮ್ಮೆ ಹೋಗುತ್ತಾಳೆ, ತಾನೇ ಕೇಳಿಕೊಂಡು. ವರ್ಗದಲ್ಲಿ ಈಗ ಟೀಚರು ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಓದಿಸುತ್ತಾರೆ. ಜನವರಿಯ ಒಂದು ಮಂಗಳವಾರ ಬೂಟು ಬಿಚ್ಚುತ್ತ, ಹೋಮ್‌ವರ್ಕಿನ ಮಾತಿನ ನಡುವೆ, “ಇವತ್ತ ನಾ ಎಲ್ಲಾರ ಮುಂದ ಓದಿದೆ. ಎರಡ ತಪ್ಪಾದ್ವು,” ಎಂದಳು. ಆಮೇಲೆ ತಿನ್ನಲು ಏನಿದೆ ಎಂದು ಕೇಳಿದಳು. ನಾನು ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆಯುತ್ತ ಸುಮಾರು ಹೊತ್ತು ನಿಂತೆ.

ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಬೇರೆ ಒಂದು ಬದಲಾವಣೆ. ಮೊದಲು ಏನಾದರೂ ಆಗಿದ್ದರೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು, ಇಲ್ಲವೇ ಮೊಬೈಲ್ ಕೊಡಿ ಎಂದು ಜಗಳ ತೆಗೆಯುತ್ತಿದ್ದಳು. ಈಗ ಮುಖ ಸಣ್ಣದು ಮಾಡಿಕೊಂಡು ಬಂದ ದಿನ, “ಸ್ವಲ್ಪ ಓದಿ ಬರ್ತೀನಿ, ಆಮ್ಯಾಲ ಹೇಳ್ತೀನಿ,” ಎಂದು ಗ್ಯಾಲರಿಗೆ ಹೋಗುತ್ತಾಳೆ. ಅರ್ಧ ತಾಸಿಗೆ ಬರುತ್ತಾಳೆ. ಬಂದು ಹೇಳುತ್ತಾಳೆ.

ಕಳೆದ ಭಾನುವಾರ ಇಬ್ಬರೂ ಪುಸ್ತಕ ಬದಲಿಸಲು ಹೋಗಿದ್ದೆವು. ಒಂದು ಸಲಕ್ಕೆ ಎರಡೇ ಪುಸ್ತಕ ಎಂಬ ನಿಯಮಕ್ಕೆ ಮಗಳು ತಕರಾರು ತೆಗೆದಳು. ಬಾಯಿಯವರು ಹೆಣಿಕೆ ಪಕ್ಕಕ್ಕಿಟ್ಟು ಗಂಭೀರವಾಗಿ ವಾದ ಮಾಡಿದರು, ಕೊನೆಗೆ ಮೂರಕ್ಕೆ ಒಪ್ಪಿದರು. ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವಳು, ಪಕ್ಕದಲ್ಲಿ ನಾನು, ಇಬ್ಬರ ಕೈಯಲ್ಲೂ ಪುಸ್ತಕ. ಕಂಡಕ್ಟರು “ಉತರಾಯಚಂ ನಾಹೀ ಕಾ?”, ಇಳಿಯುವುದಿಲ್ಲವೇ ಎಂದು ಕೇಳಿದಾಗ ತಲೆ ಎತ್ತಿದರೆ ನಮ್ಮ ಸ್ಟಾಪು ಹೋಗಿ ಬಹಳ ಹೊತ್ತಾಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ಹಿಂದಕ್ಕೆ ನಡೆಯತೊಡಗಿದೆವು. ಅವಳು ತನ್ನ ಕಥೆಯನ್ನು ಮೊದಲಿನಿಂದ ಹೇಳುತ್ತ ನನ್ನ ಮುಂದೆ ಮುಂದೆ ನಡೆದಳು. ಎಲ್ಲಿಗೆ ನಿಂತಿತ್ತೋ ಅಲ್ಲಿಗೆ ಬಂದಾಗ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತು, ಇನ್ನೊಂದು ಪುಟ ಓದಿಕೊಂಡು, ಎದ್ದಳು.